ಹುತ್ತವೂ ಹುಣಸೆಹಣ್ಣೂ

ತುಮಕೂರು ಜಿಲ್ಲೆಯ ನಮ್ಮೂರು ಕೋರದಲ್ಲಿ ಒಬ್ಬ ಗಂಡಸು ಕಣ್ಣು ಮುಚ್ಚಿ ಜಗಲಿಯ ಮೇಲೆ ಹತ್ತು ನಿಮಿಷ ಅಲುಗಾಡದೆ ಕೂತರೆ ಊರು ಅದನ್ನು ಧ್ಯಾನವೆಂದು ಒಪ್ಪುವುದಿಲ್ಲ. "ಯಾಕಪ್ಪಾ, ಮೈ ಸರಿಯಿಲ್ವಾ?" ಎಂದು ಒಬ್ಬರು, "ಬಿಪಿ ನೋಡಿಸ್ದಾ?" ಎಂದು ಇನ್ನೊಬ್ಬರು. ಮೂರನೆಯವರು ಚೊಂಬಿನಲ್ಲಿ ನೀರು ಹಿಡಿದೇ ಬಂದಿರುತ್ತಾರೆ. ಇವರೆಲ್ಲ ಹೋದ ಮೇಲೆ ವಸಂತನರಸಾಪುರದ ಕಾರ್ಖಾನೆಗಳಿಗೆ ಹೊರಟ ಲಾರಿಗಳ ಹಾರ್ನು.

ಇದೇ ಜಿಲ್ಲೆಯ ಕಗ್ಗೆರೆಯ ತೋಟದಲ್ಲಿ ತೋಂಟದ ಸಿದ್ಧಲಿಂಗರು ತಪಸ್ಸಿಗೆ ಕೂತಾಗ ಮೈಮೇಲೆ ಹುತ್ತ ಬೆಳೆದರೂ ಏಳಲಿಲ್ಲವಂತೆ. ಹಸುವೊಂದು ಬಂದು ಹುತ್ತಕ್ಕೆ ಹಾಲು ಸುರಿಸಿ ಹೋಗುತ್ತಿತ್ತಂತೆ. ಹಾಲಿನ ಪವಾಡವನ್ನು ನಾನು ತಕರಾರಿಲ್ಲದೆ ನಂಬುತ್ತೇನೆ. ಹುತ್ತ ಏಳುವಷ್ಟು ಕಾಲ ಯಾರೂ ಬಂದು ಆರೋಗ್ಯ ವಿಚಾರಿಸಲಿಲ್ಲವಲ್ಲ, ನಮ್ಮ ಸೀಮೆಯ ಮಟ್ಟಿಗೆ ಅದೇ ದೊಡ್ಡದು. ನನ್ನನ್ನು ಎಬ್ಬಿಸಲು ಒಂದು ಕಟ್ಟಿರುವೆ ಸಾಕು.

ಅಜ್ಜಿಗೆ ಈ ತೊಂದರೆಯಿರಲಿಲ್ಲ. ಬೆಳಗಾಗೆದ್ದು ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದಿಟ್ಟಿಸುತ್ತಿದ್ದಳು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೂ ನಸುಕಿನ ಪೂಜೆಯನ್ನು ಅಂಗೈಯಲ್ಲೇ ನಡೆಸಿದವರು. ಮನಸ್ಸಿಗೆ 'ಸುಮ್ಮನಿರು' ಎಂದು ಗದರುವ ಬದಲು ಕಣ್ಣಿಗೂ ಕೈಗೂ ಕೆಲಸ ಕೊಟ್ಟ ಹಿರಿಯರು ಬಲು ಜಾಣರು ಅನ್ನಿಸುತ್ತದೆ. ನನ್ನ ಮೊಬೈಲಿನ ಧ್ಯಾನದ ಆ್ಯಪು ಗಂಟೆ ಬಾರಿಸಿ ಚಂದಾ ಕೇಳುತ್ತದೆ.

ಶಿವರಾತ್ರಿ ಕಳೆದ ಮೇಲೆ ಅಜ್ಜಿಯ ಎರಡನೆಯ ಪೂಜೆ ಶುರು: ಹುಣಸೆಹಣ್ಣು. ಸಿಪ್ಪೆ ಬಡಿದು, ನಾರು ಎಳೆದು, ಬೀಜ ಬಿಡಿಸುವುದು. ಅಕ್ಕಪಕ್ಕದ ಹೆಂಗಸರೂ ಬಂದು ಕೂರುತ್ತಿದ್ದರು; ಯಾರ ಮನೆಯ ಸೊಸೆ, ಯಾರ ಬಸಿರು ಎಂದು ಶುರುವಾದ ಮಾತು ಮಧ್ಯಾಹ್ನದ ಹೊತ್ತಿಗೆ ತಾನಾಗಿ ಬತ್ತುತ್ತಿತ್ತು. ಒಂದು ಸಲ ನಾನೂ ಕೂತೆ. ನಾರು, ಬೀಜ, ನಾರು, ಬೀಜ. ನಡುವೆ ಎಲ್ಲೋ ನಾನೇ ಇರಲಿಲ್ಲ. ಲಾರಿ ಹೋದವೋ ಇಲ್ಲವೋ ತಿಳಿಯದು. 'ಅರೆ, ಇದೇ ಅದು!' ಎಂದುಕೊಂಡೆ ನೋಡಿ, ಅಷ್ಟಕ್ಕೇ ಕೋರದ ಸಂತೆಯೆಲ್ಲ ತಲೆಯೊಳಗೆ ವಾಪಸ್.

"ಅಜ್ಜಿ, ಈಗ ಮನಸ್ಸು ನಿಂತೇಹೋಗಿತ್ತು" ಎಂದೆ.

"ಅದು ನಿಂತ್ರೆ ನಿಲ್ಲಲಿ, ಕೈ ನಿಲ್ಲಿಸ್ಬೇಡ. ನಾಳೆ ಮಂಡಿಗೆ ಹಾಕ್ಬೇಕು."

ಮಾರನೆಯ ದಿನ ತುಮಕೂರಿನ ಮಂಡಿಯಲ್ಲಿ ಸಿಕ್ಕ ರೇಟು ಕೇಳಿದ ಅಜ್ಜಿ, ಶಿರಾ ಗೇಟಿನಲ್ಲಿ ಬಸ್ ಹತ್ತಿದಾಗ ಶುರುಮಾಡಿದ ಬೈಗುಳವನ್ನು ಕೋರದಲ್ಲಿ ಇಳಿದರೂ ಮುಗಿಸಿರಲಿಲ್ಲ. ಕಂಡಕ್ಟರು ಪಾಪ, ಚಿಲ್ಲರೆಯನ್ನೂ ಕೇಳಲಿಲ್ಲ.