ಹಿಡಿತ ಮತ್ತು ಬಿಡುವು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಳಕೆಗೆ ಬಂದಿವೆ. ಮರವೇರದೆ, ನೆಲದಲ್ಲಿಯೇ ನಿಂತು ಕೊನೆ ಕೊಯ್ಯಬಹುದು; ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು. ದೋಟಿ ಹಗುರವೇ ಹೌದು. ಆದರೂ ಅದನ್ನು ಅರ್ಧ ತಾಸು ನೆಟ್ಟಗೆ ಹಿಡಿದವನ ತೋಳು ಸೋಲುತ್ತದೆ. ಮನುಷ್ಯನನ್ನು ಭಾರಕ್ಕಿಂತ ಹೆಚ್ಚಾಗಿ ದಣಿಸುವುದು ಬಿಡುವಿಲ್ಲದ ಹಿಡಿತ.

ವಿಮಾನ ನಡೆಸುವವನ ಕಷ್ಟವೂ ಇದೇ. ವೇಗ ಬದಲಾದಂತೆ, ಇಂಧನ ಕರಗಿದಂತೆ, ವಿಮಾನವು ತನ್ನ ಮೂಗನ್ನು ಮೇಲಕ್ಕೋ ಕೆಳಕ್ಕೋ ಹೊರಳಿಸಲೆಳಸುತ್ತದೆ. ಚಾಲಕನು ಚಾಲನದಂಡವನ್ನು ಸದಾ ಒತ್ತಿ ಹಿಡಿಯಬೇಕಾಗುತ್ತದೆ. ಆ ಒತ್ತಡವನ್ನು ಕಳೆಯಲೆಂದು ಬಾಲದ ರೆಕ್ಕೆಯ ಅಂಚಿಗೆ ಕಿರಿದಾದ ಪಟ್ಟಿಯನ್ನೋ, ದಂಡಕ್ಕೆ ಸ್ಪ್ರಿಂಗನ್ನೋ ಅಳವಡಿಸುತ್ತಾರೆ. ಇದಕ್ಕೆ ಟ್ರಿಮ್ ಎಂದು ಹೆಸರು.

ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಜಗತ್ತಿನಲ್ಲಿ ಅನೇಕರುಂಟು. ಅಂಥವರಿಗೆಂದು ಅಮೆರಿಕದ ಬರ್ಟ್ ರುಟಾನ್ ರಚಿಸಿದ ಲಾಂಗ್ ಈಜಿ ವಿಮಾನವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಒಂದು ಹಗುರ ವಿಮಾನವನ್ನು ನಿರ್ಮಿಸಿ 1987ರಲ್ಲಿ ಹಾರಿಸಿತು. ಹೀಗೆ ಸ್ವಂತಕ್ಕೆ ಕಟ್ಟುವವನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಟ್ರಿಮ್ಮನ್ನು ಕೈಯಿಂದ ತಿರುಗಿಸುವುದೋ, ವಿದ್ಯುತ್ತಿಗೆ ಒಪ್ಪಿಸುವುದೋ?

ವಿದ್ಯುತ್ತಾದರೆ ಹೆಬ್ಬೆರಳ ಬಳಿ ಒಂದು ಗುಂಡಿ, ಬಾಲದಲ್ಲಿ ಪುಟ್ಟ ಮೋಟಾರು. ಉದ್ದನೆಯ ಕೇಬಲ್ ಎಳೆಯುವ ತೊಡಕಿಲ್ಲ. ಕೈಚಕ್ರಕ್ಕೆ ಬ್ಯಾಟರಿಯ ಹಂಗಿಲ್ಲ. ಎಷ್ಟು ತಿರುಗಿತೆಂಬುದು ಬೆರಳಿಗೇ ತಿಳಿಯುತ್ತದೆ.

ಮಲೆನಾಡಿನ ಆಷಾಢದಲ್ಲಿ ತಂತಿಯ ಮೇಲೆ ಕೊಂಬೆ ಮುರಿದು ಬಿದ್ದು ಮಿಕ್ಸರು ನಿಂತರೆ ಗೃಹಿಣಿ ಒರಳುಕಲ್ಲಿನತ್ತ ಹೊರಳುತ್ತಾಳೆ. ಅಡುಗೆ ತಡವಾದೀತು, ಅಷ್ಟೆ. ಆಕಾಶದಲ್ಲಿಯಾದರೋ, ನಿಂತ ಮೋಟಾರಿಗಿಂತ ನಿಲ್ಲದ ಮೋಟಾರು ಭಯಂಕರ. ಗುಂಡಿ ಸಿಕ್ಕಿಕೊಂಡರೆ ಟ್ರಿಮ್ ತನ್ನ ಕೊನೆಯವರೆಗೂ ಓಡುತ್ತದೆ.

ಹಾಗೆಂದು ಕೈಚಕ್ರವೇ ಸರ್ವರಕ್ಷಕವೆನ್ನಲಾಗದು. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯದಲ್ಲಿಯೂ 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿಯೂ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು, ಅವುಗಳಲ್ಲಿದ್ದ 346 ಮಂದಿಯೂ ಮಡಿದರು. ಒಂದೇ ಸಂವೇದಕದ ತಪ್ಪು ವರದಿಯನ್ನು ನಂಬಿದ ಸ್ವಯಂಚಾಲಿತ ವ್ಯವಸ್ಥೆಯು ಟ್ರಿಮ್ಮನ್ನು ಮತ್ತೆ ಮತ್ತೆ ತಿರುಗಿಸಿ ಮೂಗನ್ನು ಕೆಳಕ್ಕೆ ಒತ್ತಿತ್ತು. ಇಥಿಯೋಪಿಯದ ಚಾಲಕರು ವಿದ್ಯುತ್ತನ್ನು ಕಡಿದು ಕೈಚಕ್ರವನ್ನು ತಿರುಗಿಸಲು ಯತ್ನಿಸಿದರು. ಆ ವೇಗದಲ್ಲಿ ಗಾಳಿಯ ಒತ್ತಡವು ಅವರ ತೋಳ್ಬಲವನ್ನು ಮೀರಿತ್ತು.

ಆದುದರಿಂದ ಕಟ್ಟುವವನು ಕೇಳಿಕೊಳ್ಳಬೇಕಾದುದು ಯಾವುದು ಸುಖ ಎಂದಲ್ಲ. ಕೆಟ್ಟಾಗ ತಾನು ತಡೆದುಕೊಳ್ಳಬಲ್ಲೆನೇ ಎಂದು. ಮೋಟಾರನ್ನು ಆರಿಸಿದರೆ ಅದು ನಿಧಾನವಾಗಿ ತಿರುಗುವಂಥದಾಗಿರಲಿ; ವಿದ್ಯುತ್ತನ್ನು ಕಡಿಯುವ ಗುಂಡಿ ಕೈಗೆಟುಕುವಲ್ಲಿರಲಿ. ಟ್ರಿಮ್ ಕೊನೆಮುಟ್ಟಿದರೂ ಚಾಲನದಂಡವನ್ನು ಹಿಡಿದು ಇಳಿಯಲು ಸಾಧ್ಯವೇ ಎಂಬುದನ್ನು ಸಾಕಷ್ಟು ಎತ್ತರದಲ್ಲಿ, ಕಡಿಮೆ ವೇಗದಲ್ಲಿ, ಹಂತಹಂತವಾಗಿ ಪರೀಕ್ಷಿಸಿರಲಿ. ಸಾಧ್ಯವೆಂದಾದರೆ ಮೋಟಾರನ್ನು ಅಂಜದೆ ಬಳಸಬಹುದು.

ದಣಿಯುವ ತೋಳಿಗೆ ಬಿಡುವು ಬೇಕು, ನಿಜ. ಆದರೆ ಬಿಟ್ಟುಕೊಟ್ಟ ಹಿಡಿತವನ್ನು ಮರಳಿ ಪಡೆಯುವ ದಾರಿಯನ್ನು ನೆಲದ ಮೇಲಿರುವಾಗಲೇ ತೆರೆದಿಟ್ಟುಕೊಳ್ಳಬೇಕು.