ಅಲೆಗೆ ಕಾಯದ ಹಲಗೆ

ಮೂಡಿಗೆರೆಯಿಂದ ಕಡಲಿಗೆ ಚಾರ್ಮಾಡಿ ಇಳಿದರೆ ಹತ್ತಿರ. ಜೊತೆಗಿದ್ದ ಗೌಡರಿಗೆ ಕಳಸದಲ್ಲಿ ಪಂಪ್‌ಸೆಟ್ಟಿನ ವ್ಯವಹಾರವಿತ್ತು. ಹಾಗಾಗಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಬಲಕ್ಕೆ ತಿರುಗಿದೆವು. ಏಪ್ರಿಲ್ ತಿಂಗಳು, ಕಾಫಿ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ. ತೋಟಗಳ ಅಂಚಿನಲ್ಲಿ ಸ್ಪ್ರಿಂಕ್ಲರ್ ಪೈಪುಗಳು ಕೆಲಸ ಮುಗಿಸಿ ಬಿದ್ದಿದ್ದವು.

ನಮ್ಮನ್ನು ಹೊರಡಿಸಿದ್ದು ಒಂದು ವಿಡಿಯೊ. ದುಬೈಯಲ್ಲಿರುವ ಅವರ ಸೋದರಳಿಯ ಅಲೆಯೇ ಇಲ್ಲದ ನೀರಿನಲ್ಲಿ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ನೋಡನೋಡುತ್ತ ಹಲಗೆ ನೀರು ಬಿಟ್ಟು ಮೇಲೇಳುತ್ತದೆ.

ಎಲೆಕ್ಟ್ರಿಕ್ ಸರ್ಫ್‌ಬೋರ್ಡಿನ ಹೊಟ್ಟೆಯಲ್ಲಿ ಲಿಥಿಯಂ ಬ್ಯಾಟರಿ, ಸವಾರನ ಕೈಯಲ್ಲಿ ರಿಮೋಟ್. ಒಂದು ಬಗೆಯಲ್ಲಿ ಮೋಟರು ನೀರನ್ನು ಹಿಂದಕ್ಕೆ ಚಿಮ್ಮಿಸಿ ಹಲಗೆಯನ್ನು ಮುಂದೂಡುತ್ತದೆ. ಅಳಿಯನದು ಇ-ಫಾಯಿಲ್: ಅಡಿಯಲ್ಲಿ ಮುಕ್ಕಾಲು ಮೀಟರಿನಷ್ಟು ಕಂಬ, ಅದರ ತುದಿಯಲ್ಲಿ ಪ್ರೊಪೆಲ್ಲರ್ ಮತ್ತು ರೆಕ್ಕೆ. ವಿಮಾನವನ್ನು ಗಾಳಿ ಎತ್ತುವ ಹಾಗೆ ವೇಗ ಸಿಕ್ಕಾಗ ಇದನ್ನು ನೀರೇ ಎತ್ತುತ್ತದೆ. ಆಮೇಲೆ ಕುಲುಕಾಟವಿಲ್ಲ, ಜೆಟ್ ಸ್ಕಿಯ ಅರಚಾಟವೂ ಇಲ್ಲ.

"ತಗೊಂಡ್ ಬಾ ಅಂದೆ ಮಾರಾಯ್ರೆ, ವಿಮಾನಕ್ಕೆ ಹತ್ತಿಸಲ್ವಂತೆ!" ಎಂದರು ಗೌಡರು.

ನಿಜ. ಪ್ರಯಾಣಿಕರ ಜೊತೆ 160 ವ್ಯಾಟ್-ಅವರ್ ದಾಟಿದ ಲಿಥಿಯಂ ಬ್ಯಾಟರಿ ಹೋಗುವಂತಿಲ್ಲ. ಇದರದ್ದು 2000ದ ಆಸುಪಾಸು.

ನಮ್ಮ ದಾರಿಯ ನದಿಗಳಾದ, ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಕಳಸದ ಭದ್ರೆ ಎರಡೂ ಪಕ್ಕದ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ಬಂಗಾಳ ಕೊಲ್ಲಿಯ ದಾರಿ ಹಿಡಿದವು. ಮಳೆಗಾಲದಲ್ಲಿ ರಾಫ್ಟಿಂಗ್ ನಡೆಯುವ ಭದ್ರೆಯಲ್ಲಿ ಈಗ ಬಂಡೆಗಳದೇ ರಾಜ್ಯ. ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳ ದಾಟುವಷ್ಟರಲ್ಲಿ ಸೆಖೆ ಶುರುವಾಯಿತು.

ಅಂಥ ಹಲಗೆ ಕಾಣಸಿಗಬಹುದೆಂದು ಹೊರಟಿದ್ದು ಮೂಲ್ಕಿಯ ಕಡೆಗೆ. ಅಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಹತ್ತಿರದ ಸಸಿಹಿತ್ಲು, ನಂದಿನಿ-ಶಾಂಭವಿ ನದಿಗಳು ಕಡಲು ಸೇರುವ ಜಾಗ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ದಡ. ಅಲ್ಲಿ ಮೋಟರಿನ ಸುಳಿವಿರಲಿಲ್ಲ. ಹುಡುಗರು ಹೊಟ್ಟೆಯಡಿ ಹಲಗೆ ಇಟ್ಟುಕೊಂಡು, ಕೈಯಲ್ಲೇ ನೀರು ಬಗೆಯುತ್ತ ನೊರೆ ದಾಟಿ ಹೋಗಿ ಸುಮ್ಮನೆ ಕೂತಿದ್ದರು. ಒಂದು ಅಲೆ ಬಿಟ್ಟರು, ಇನ್ನೊಂದನ್ನೂ ಬಿಟ್ಟರು. ಕೊನೆಗೊಂದನ್ನು ಆರಿಸಿ ಎದ್ದು ನಿಂತವರು ನಾಲ್ಕೇ ಉಸಿರಿನಲ್ಲಿ ನೀರಿಗೆ ಬಿದ್ದರು.

ಗೌಡರಿಗೆ ತಡೆಯಲಾಗಲಿಲ್ಲ. "ಇಷ್ಟಕ್ಕೆ ಅಷ್ಟು ಕಾಯ್ಬೇಕಾ? ಮಳೆ ಬರದಿದ್ರೆ ನಾವು ಸ್ಪ್ರಿಂಕ್ಲರ್ ಹೊಡೆಸಲ್ವಾ? ಹಂಗೇ ಅಳಿಯಂದು."

"ಆದ್ರೆ ಮಳೆಗೆ ಅರಳಿದ ಹೂವಿನ ಸಮ ಅಲ್ಲ ಅಂತ ನೀವೇ ಹೇಳ್ತೀರಲ್ಲ?"

ಅವರು ನಕ್ಕರು, ಒಪ್ಪಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಿರಲಿಲ್ಲ. ಸಮುದ್ರವೇ ಇಲ್ಲದ ಊರಿನವರಿಗೆ, ತೋಳಿನ ಕಸುವು ಕಡಿಮೆಯಾದವರಿಗೆ ನೀರಿನ ಮೇಲೆ ನಿಲ್ಲುವ ಸುಖ ಸಿಗುವುದಾದರೆ ಮೋಟರನ್ನು ಹಳಿಯುವುದೇಕೆ? ಆದರೂ ಆ ಹುಡುಗರು ದಿಗಂತ ನೋಡುತ್ತ ಕೂತದ್ದು ಬರೀ ಕಾಯುವಿಕೆಯಲ್ಲ, ಅರ್ಧ ಆಟ ಅಲ್ಲೇ ನಡೆಯುತ್ತಿತ್ತು. ರಿಮೋಟಿನಲ್ಲಿ ಅದಕ್ಕೆ ಗುಂಡಿಯಿಲ್ಲ.

ಘಾಟಿ ಹತ್ತುವಾಗ ಗೌಡರು ಮತ್ತೆ ಕೇಳಿದರು: "ನಮ್ಮ ತೋಟದ ಕೆರೇಲಿ ಆಗಲ್ವಾ?"

"ಎದೆಮಟ್ಟ ನೀರು ಬೇಕು. ಇಲ್ದಿದ್ರೆ ಕಂಬ ಕೆಸರಿಗೆ ಹೂತುಕೊಳ್ಳುತ್ತೆ."

"ಮಾರ್ಚಿಗೇ ಸ್ಪ್ರಿಂಕ್ಲರ್ ಎಲ್ಲಾ ಹೀರಿರುತ್ತೆ. ತುಂಬೋದು ಜುಲೈಗೆ." ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಜುಲೈಲಿ ವಾರಗಟ್ಲೆ ಕರೆಂಟೇ ಇರಲ್ಲ. ಚಾರ್ಜ್ ಮಾಡೋದೆಲ್ಲಿ?"