ಒಗೊವೆ ದಂಡೆಯ ಕೋಳಿಗೂಡು

ಮಧ್ಯ ಆಫ್ರಿಕದ ಗ್ಯಾಬನ್ ದೇಶದಲ್ಲಿ, ಭೂಮಧ್ಯರೇಖೆಯಿಂದ ತುಸು ದಕ್ಷಿಣಕ್ಕೆ, ಒಗೊವೆ ನದಿಯ ದಂಡೆಯಲ್ಲಿ ಲಂಬರೇನೆ ಎಂಬ ಊರಿದೆ. ರಾಜಧಾನಿ ಲಿಬ್ರವಿಲ್‌ನಿಂದ ಕಾಡಿನ ನಡುವೆ ಸುಮಾರು 240 ಕಿಲೋಮೀಟರ್ ರಸ್ತೆ ಪ್ರಯಾಣ. ಊರಿನ ಒಂದು ಭಾಗ ನದಿಯ ನಡುಗಡ್ಡೆಯ ಮೇಲೆ, ಉಳಿದದ್ದು ಎರಡು ದಂಡೆಗಳ ಮೇಲೆ. ಅಗಲವಾದ ಹೊಳೆ, ಕಂದು ಬಣ್ಣದ ನೀರು, ಅಂಚಿಗೆ ಒತ್ತಿಕೊಂಡು ನಿಂತ ದಟ್ಟ ಕಾಡು.

ಹೊರದೇಶದಿಂದ ಇಲ್ಲಿಗೆ ಬರುವವರು ಹುಡುಕಿಕೊಂಡು ಹೋಗುವುದು ಡಾ. ಆಲ್ಬರ್ಟ್ ಶ್ವೈಟ್ಜರ್ ಅವರ ಹಳೆಯ ಆಸ್ಪತ್ರೆಯನ್ನು. ಈಗ ಅದು ವಸ್ತುಸಂಗ್ರಹಾಲಯ. ಅಲ್ಲೇ ಡಾಕ್ಟರರ ಸಮಾಧಿಯೂ ಇದೆ, ಪಕ್ಕದಲ್ಲಿ ಪತ್ನಿ ಹೆಲೆನ್ ಅವರದು. 1952ರ ನೊಬೆಲ್ ಶಾಂತಿ ಬಹುಮಾನದೊಂದಿಗೆ ಜಗತ್ತಿನ ನಾಲಿಗೆಯ ಮೇಲೆ ನಿಂತದ್ದು ಗಂಡನ ಹೆಸರು. ಆದರೆ ಈ ಊರಿನಲ್ಲಿ ಒಲೆ ಹೂಡಿ, ಆಸ್ಪತ್ರೆ ಕಟ್ಟಲು ಹೊರಟು ಬಂದವರು ಇಬ್ಬರು.

ಎಪ್ಪತ್ತು ಪೆಟ್ಟಿಗೆಯ ಸಂಸಾರ

ಆಲ್ಬರ್ಟ್ ಹುಟ್ಟಿದ್ದು 1875ರಲ್ಲಿ, ಆಗ ಜರ್ಮನಿಯ ಆಳ್ವಿಕೆಯಲ್ಲಿದ್ದ ಅಲ್ಸೇಸ್ ಪ್ರಾಂತದಲ್ಲಿ. ಕ್ರೈಸ್ತ ಧರ್ಮಶಾಸ್ತ್ರದ ಅಧ್ಯಾಪಕ, ಆರ್ಗನ್ ವಾದನದಲ್ಲಿ ಹೆಸರು ಮಾಡಿದವರು, ಬಾಖ್‌ನ ಸಂಗೀತದ ಮೇಲೆ ಗ್ರಂಥ ಬರೆದವರು. ಇಷ್ಟೆಲ್ಲ ಇದ್ದೂ 1905ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ವೈದ್ಯಕೀಯ ಕಲಿಯಲು ಮತ್ತೆ ವಿದ್ಯಾರ್ಥಿಗಳ ಬೆಂಚಿನ ಮೇಲೆ ಕುಳಿತರು. ಹೆಲೆನ್ ಬ್ರೆಸ್ಲಾವ್ ಬರ್ಲಿನ್‌ನಲ್ಲಿ ಯಹೂದಿ ಮನೆತನವೊಂದರಲ್ಲಿ ಹುಟ್ಟಿದವರು, ಇತಿಹಾಸದ ಪ್ರಾಧ್ಯಾಪಕರ ಮಗಳು. ಸ್ಟ್ರಾಸ್‌ಬರ್ಗ್ ನಗರಾಡಳಿತದಲ್ಲಿ ಅನಾಥ ಮಕ್ಕಳ ಯೋಗಕ್ಷೇಮ ನೋಡುವ ಕೆಲಸದಲ್ಲಿದ್ದರು. ಅದನ್ನು ಬಿಟ್ಟು ದಾದಿಯ ತರಬೇತಿ ಪಡೆದರು. ಆಲ್ಬರ್ಟರ ಹಸ್ತಪ್ರತಿಗಳ ಕರಡು ತಿದ್ದಿದರು. 1912ರ ಜೂನ್‌ನಲ್ಲಿ ಮದುವೆ. ಮರುವರ್ಷ ಗುಡ್ ಫ್ರೈಡೆಯಂದು ಆಫ್ರಿಕಕ್ಕೆ ಪ್ರಯಾಣ.

ಲಂಬರೇನೆಯಲ್ಲಿ ಪ್ಯಾರಿಸ್ ಮಿಷನ್ ಸಂಘದ ಒಂದು ಕೇಂದ್ರವಿತ್ತು. ಕ್ರಿಸ್ತನ ಬಗ್ಗೆ ಶ್ವೈಟ್ಜರ್ ಬರೆದಿದ್ದ ವಿಚಾರಗಳು ಸಂಘದ ಹಿರಿಯರಿಗೆ ಹಿಡಿಸಿರಲಿಲ್ಲ. ವೈದ್ಯನಾಗಿ ಮಾತ್ರ ಇರುತ್ತೇನೆ, ಉಪದೇಶ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ, ಖರ್ಚನ್ನೆಲ್ಲ ತಾವೇ ಹೊರುವುದಾಗಿ ಒಪ್ಪಿಕೊಂಡ ಮೇಲೆ, ಬಾಗಿಲು ತೆರೆಯಿತು.

ಸಮುದ್ರಯಾನ ಮುಗಿಸಿ, ಕರಾವಳಿಯಿಂದ ನದಿಯ ಉಗಿದೋಣಿ ಹಿಡಿದು, ದಂಪತಿಗಳು ಲಂಬರೇನೆ ತಲುಪಿದ್ದು 1913ರ ಏಪ್ರಿಲ್ 16ರಂದು. ಮರದ ಬೊಡ್ಡೆ ಕೊರೆದು ಮಾಡಿದ ದೋಣಿಯಲ್ಲಿ ಅವರನ್ನು ಅಂದೆಂದೆ ಎಂಬ ಜಾಗದ ಮಿಷನ್ ಕೇಂದ್ರಕ್ಕೆ ಕರೆದೊಯ್ದರು. ಅಂಬಿಗರು ನಿಂತುಕೊಂಡೇ ಹುಟ್ಟು ಹಾಕುತ್ತ ಹಾಡುತ್ತಿದ್ದರು. ದಿಣ್ಣೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ನಿಂತ ನಾಲ್ಕು ಕೋಣೆಯ ಮರದ ಮನೆ, ಸುತ್ತ ಜಗಲಿ. ಶಾಲೆಯ ಮಕ್ಕಳು ಸ್ವಾಗತದ ಹಾಡು ಹೇಳಿ ಹೋದರು. ಬಹಳ ದಿನ ಖಾಲಿ ಬಿದ್ದಿದ್ದ ಮನೆ ಜಿರಲೆ, ಜೇಡಗಳ ವಶದಲ್ಲಿತ್ತು. ಅವುಗಳೊಂದಿಗೆ ಹೋರಾಡಿದ ಮೇಲೆಯೇ ಮೊದಲ ರಾತ್ರಿಯ ನಿದ್ದೆ.

ಎಪ್ಪತ್ತು ಪೆಟ್ಟಿಗೆ ಸಾಮಾನು ಬಂದದ್ದು ಹತ್ತು ದಿನ ತಡವಾಗಿ. ಅದರೊಡನೆ ಪ್ಯಾರಿಸ್‌ನ ಬಾಖ್ ಸಂಘ ಉಡುಗೊರೆ ಕೊಟ್ಟ ಪಿಯಾನೊ: ಉಷ್ಣವಲಯದ ತೇವಕ್ಕೆ ಹಾಳಾಗದಂತೆ ಸತುವಿನ ಕವಚದ ಪೆಟ್ಟಿಗೆಯಲ್ಲಿ ಬಂದದ್ದು, ಆರ್ಗನ್‌ನಂತೆ ಕಾಲಿನಿಂದಲೂ ನುಡಿಸುವಂಥದು. ಮೂರು ಟನ್ ಭಾರ ಹೊರಬಲ್ಲ ಒಂದೇ ಮರದ ದೋಣಿಯಲ್ಲಿ ಅದು ಹೊಳೆ ದಾಟಿತು.

ಸೂರಿನಲ್ಲಿ ತೂತು, ತಲೆಗೆ ಟೋಪಿ

ಮೊದಲ ಮೂರು ವಾರ ಡಾಕ್ಟರರು ವಿಶ್ರಾಂತಿ ಪಡೆಯಲಿ, ರೋಗಿಗಳು ಆಮೇಲೆ ಬರಲಿ ಎಂದು ಮಿಷನ್‌ನವರು ಸಾರಿಸಿದ್ದರು. ಆದರೆ ರೋಗಕ್ಕೆ ಕ್ಯಾಲೆಂಡರ್ ಎಲ್ಲಿದೆ? ಮೊದಲ ದಿನಗಳಿಂದಲೇ ದೋಣಿಗಳು ದಂಡೆಗೆ ಬಂದು ನಿಂತವು. ಔಷಧಿಯ ಪೆಟ್ಟಿಗೆಗಳು ಇನ್ನೂ ಬಂದಿಲ್ಲ, ಆಸ್ಪತ್ರೆಯ ಕಟ್ಟಡವಿಲ್ಲ. ಬಯಲಿನಲ್ಲಿ, ಬಿಸಿಲಿನಲ್ಲಿ ಗಾಯ ತೊಳೆಯುವುದು. ಸಂಜೆಯ ಗುಡುಗುಮಳೆ ಬಂದಾಗ ಎಲ್ಲವನ್ನೂ ಎತ್ತಿಕೊಂಡು ಜಗಲಿಗೆ ಓಡುವುದು.

ಕೊನೆಗೆ ಕಣ್ಣಿಗೆ ಬಿದ್ದದ್ದು ಮನೆಯ ಪಕ್ಕದ ಹಳೆಯ ಕೋಳಿಗೂಡು. ಅದನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಔಷಧಿಗೆ ಹಲಗೆ ಹೊಡೆದು, ಒಂದು ಮಡಿಸುವ ಮಂಚ ಹಾಕಿದರು. ಕಿಟಕಿಯಿಲ್ಲ. ಸೂರಿನ ತೂತುಗಳಿಂದ ಇಳಿಯುವ ಬಿಸಿಲಿಗಾಗಿ ಡಾಕ್ಟರರು ಒಳಗೂ ಟೋಪಿ ತೆಗೆಯುವಂತಿರಲಿಲ್ಲ. ಹಾಗಿದ್ದೂ, ಮಳೆ ಬಂದರೆ ಓಡಬೇಕಿಲ್ಲ ಎಂಬುದೇ ದೊಡ್ಡ ಸಮಾಧಾನ.

ಬೆಳಿಗ್ಗೆ ಎಂಟೂವರೆಗೆ ಚಿಕಿತ್ಸೆ ಶುರು. ಬೆಂಚುಗಳ ಮೇಲೆ ಕುಳಿತ ಜನಕ್ಕೆ ದಿನವೂ ಗಲೋವಾ ಮತ್ತು ಫಾಂಗ್ ಭಾಷೆಗಳಲ್ಲಿ ನಿಯಮಗಳನ್ನು ಸಾರಲಾಗುತ್ತಿತ್ತು: ಮನೆಯ ಹತ್ತಿರ ಉಗುಳಬಾರದು, ಗಟ್ಟಿಯಾಗಿ ಮಾತಾಡಬಾರದು, ಒಂದು ದಿನದ ಊಟ ಜೊತೆಗೆ ತರಬೇಕು, ಔಷಧಿಯ ಬಾಟಲಿ, ಡಬ್ಬಿಗಳನ್ನು ವಾಪಸು ಕೊಡಬೇಕು. ಕೊನೆಯದು ಜಿಪುಣತನವಲ್ಲ. ಮಲೆನಾಡಿನ ಮಳೆಗಾಲ ಕಂಡವರಿಗೆ ಆ ತೇವ ಗೊತ್ತು. ಕಾಗದದ ಪೊಟ್ಟಣದಲ್ಲಿ ಕೊಟ್ಟ ಪುಡಿ ಅಲ್ಲಿ ಉಳಿಯದು. ಗಾಜಿನ ಬಾಟಲಿಯೋ ಯುರೋಪಿನಿಂದಲೇ ಬರಬೇಕು. ರೋಗಿಯ ಕೊರಳಿಗೆ ನಂಬರು ಬರೆದ ರಟ್ಟಿನ ಬಿಲ್ಲೆ. ಆ ನಂಬರಿನ ಎದುರು ಪುಸ್ತಕದಲ್ಲಿ ರೋಗ, ಔಷಧಿಯ ವಿವರ. ಕತ್ತಲಾದರೆ ಕೆಲಸ ನಿಲ್ಲಿಸಲೇಬೇಕು. ದೀಪ ಹಚ್ಚಿದರೆ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ.

ಈ ಏರ್ಪಾಡು ನಡೆದದ್ದು ಜೋಸೆಫ್ ಅಜೊವಾನಿ ಎಂಬ ಸ್ಥಳೀಯನಿಂದ. ಚಿಕಿತ್ಸೆಗೆ ಬಂದವನು ದುಭಾಷಿಯಾಗಿ, ಸಹಾಯಕನಾಗಿ ನಿಂತ. ಹಿಂದೆ ಅಡುಗೆಯವನಾಗಿದ್ದ ಆತನಿಗೆ ಶರೀರಶಾಸ್ತ್ರವೆಲ್ಲ ಮಾಂಸದಂಗಡಿಯ ಭಾಷೆಯಲ್ಲೇ. ಒಬ್ಬನ ಬಲಗಾಲು ನೋಯುತ್ತಿದ್ದರೆ ಕುರಿಯ ಬಲತೊಡೆ ನೋವು ಎಂದೇ ಡಾಕ್ಟರರಿಗೆ ವರದಿ. ಪಕ್ಕೆ ನೋವಿನ ಹೆಂಗಸಿಗೆ ಎಡಗಡೆಯ ಚಾಪ್ಸ್ ನೋವು. ಓದಲು ಬಾರದಿದ್ದರೂ ಚೀಟಿಯ ಮೇಲಿನ ಅಕ್ಷರಗಳ ಆಕಾರ ಗುರುತಿಟ್ಟು ಬೇಕಾದ ಬಾಟಲಿಯನ್ನೇ ತಂದುಕೊಡುತ್ತಿದ್ದ.

ಕೀಲಿಕೈ ಮತ್ತು ಕಹಳೆ

ಹೆಲೆನ್ ಅವರ ದಿನಕ್ಕೆ ಎರಡು ಪಾಳಿ. ಬೆಳಿಗ್ಗೆ ಮನೆ: ಅಡುಗೆಯ ವ್ಯವಸ್ಥೆ, ಬಟ್ಟೆ, ಉಗ್ರಾಣ. ಪ್ರತಿಯೊಂದಕ್ಕೂ ಬೀಗ, ಪ್ರತಿ ಬೀಗದ ಕೀಲಿಯೂ ಅವರ ಕೈಯಲ್ಲಿ. ಆಮೇಲೆ ಆಸ್ಪತ್ರೆ: ಬ್ಯಾಂಡೇಜುಗಳನ್ನು ಒಗೆಸಿ ಮತ್ತೆ ಬಳಸುವಂತೆ ಮಾಡುವುದು, ಶಸ್ತ್ರಚಿಕಿತ್ಸೆಯ ಸಲಕರಣೆ ಸಿದ್ಧಪಡಿಸುವುದು, ಹೆಚ್ಚು ಕಾಯಿಲೆಯಾದವರ ಆರೈಕೆ. ಆಗಸ್ಟ್ 15ರಂದು ಹರ್ನಿಯಾ ಸಿಕ್ಕಿಕೊಂಡು ಸಾಯುವ ಸ್ಥಿತಿಯಲ್ಲಿದ್ದ ರೋಗಿಗೆ ಅಲ್ಲಿನ ಮೊದಲ ದೊಡ್ಡ ಆಪರೇಷನ್ ನಡೆದದ್ದು ಶಾಲಾ ಹುಡುಗರು ಮಲಗುವ ಕೋಣೆಯಲ್ಲಿ. ಅರಿವಳಿಕೆ ಕೊಟ್ಟವರು ಹೆಲೆನ್. ಗಂಡನ ಕತ್ತಿ ಎಷ್ಟು ಹೊತ್ತು ಕೆಲಸ ಮಾಡುವುದೋ ಅಷ್ಟು ಹೊತ್ತು ರೋಗಿಯ ಉಸಿರಿನ ಹೊಣೆ ಹೆಂಡತಿಯದು.

ರಾತ್ರಿಯೂ ಸ್ವಸ್ಥವಲ್ಲ. ಕಾಡಿನಿಂದ ಸಾಲುಗಟ್ಟಿ ಬರುವ ದಂಡಿನಿರುವೆಗಳು ಕೋಳಿಗಳನ್ನು ಮುತ್ತಿ ಕೊಂದುಬಿಡುತ್ತಿದ್ದವು. ಕೋಳಿಗಳ ಚಡಪಡಿಕೆ ಕೇಳಿದೊಡನೆ ಡಾಕ್ಟರರು ಗೂಡಿನ ಬಾಗಿಲು ತೆರೆಯಲು ಓಡಿದರೆ, ಹೆಲೆನ್ ಗೋಡೆಗೆ ತೂಗುಹಾಕಿದ ಕಹಳೆ ತೆಗೆದು ಮೂರು ಸಲ ಊದುತ್ತಿದ್ದರು. ಅದು ಆಸ್ಪತ್ರೆಯ ಆಳುಗಳಿಗೆ ಸಂಕೇತ. ಬಕೆಟ್ಟುಗಳಲ್ಲಿ ನೀರು ತಂದು, ಲೈಸಾಲ್ ಬೆರೆಸಿ, ಮನೆಯ ಸುತ್ತ ಸುರಿಯಬೇಕು.

ನವೆಂಬರ್‌ನಲ್ಲಿ ತಗಡಿನ ಛಾವಣಿಯ ಚಿಕಿತ್ಸಾಲಯ ಸಿದ್ಧವಾಯಿತು. ಮೊದಲ ಒಂಬತ್ತು ತಿಂಗಳಲ್ಲಿ ಬಂದ ರೋಗಿಗಳು ಸುಮಾರು ಎರಡು ಸಾವಿರ: ಹುಣ್ಣು, ಮಲೇರಿಯಾ, ಕುಷ್ಠ, ಆಮಶಂಕೆ, ನಿದ್ರಾರೋಗ. ಕೊಡುವುದಕ್ಕೆ ಹಣವಿಲ್ಲದವರು ಬಾಳೆಗೊನೆ, ಮೊಟ್ಟೆ, ಕೋಳಿ ತಂದುಕೊಡುತ್ತಿದ್ದರು.

ಲಂಬರೇನೆಯ ಬೆಲೆ

1914ರ ಆಗಸ್ಟ್‌ನಲ್ಲಿ ಯುರೋಪಿನ ಯುದ್ಧದ ಸುದ್ದಿ ಬಂತು. ಗ್ಯಾಬನ್ ಫ್ರೆಂಚರ ವಸಾಹತು, ದಂಪತಿಗಳು ಜರ್ಮನ್ ಪ್ರಜೆಗಳು. ಡಾಕ್ಟರನ ಮನೆಗೇ ಕಾವಲು ಬಿತ್ತು. ರೋಗಿಗಳನ್ನು ಮುಟ್ಟಬಾರದು ಎಂದಾಯಿತು. ಕೆಲವು ತಿಂಗಳಲ್ಲಿ ಕೆಲಸಕ್ಕೆ ಅನುಮತಿ ಸಿಕ್ಕಿದರೂ, 1917ರ ಸೆಪ್ಟೆಂಬರ್‌ನಲ್ಲಿ ಇಬ್ಬರನ್ನೂ ಕೈದಿಗಳಾಗಿ ಫ್ರಾನ್ಸಿನ ಶಿಬಿರಗಳಿಗೆ ಸಾಗಿಸಿದರು. ಬಿಡುಗಡೆಯಾದದ್ದು 1918ರಲ್ಲಿ. 1919ರ ಜನವರಿ 14ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಮಗಳು ರೇನಾ ಹುಟ್ಟಿದಳು.

1924ರಲ್ಲಿ ಶ್ವೈಟ್ಜರ್ ಮತ್ತೆ ಲಂಬರೇನೆಗೆ ಹೊರಟಾಗ ಹೆಲೆನ್ ಜೊತೆಗಿರಲಿಲ್ಲ. ಕ್ಷಯದಿಂದ ಜರ್ಜರಿತವಾದ ಶರೀರ, ಐದು ವರ್ಷದ ಮಗು. ಕಾಡು ನುಂಗಿದ್ದ ಹಳೆಯ ಆಸ್ಪತ್ರೆಯನ್ನು ಡಾಕ್ಟರರು ಮತ್ತೆ ಎಬ್ಬಿಸಿದರು, 1927ರಲ್ಲಿ ಅದನ್ನು ನದಿಯ ಮೇಲ್ಭಾಗದ ಈಗಿನ ಜಾಗಕ್ಕೆ ಬದಲಿಸಿದರು. ತಾವೂ ನೆಲೆ ಹಾಕಿದ ಊರಿಗೆ ಹೆಲೆನ್ ಆಮೇಲೆ ಬಂದದ್ದು ನೆಂಟರಂತೆ, ಆರೋಗ್ಯ ಬಿಟ್ಟುಕೊಟ್ಟಾಗ ಮಾತ್ರ. ದೀರ್ಘವಾಗಿ ನಿಂತದ್ದು ಒಮ್ಮೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಫ್ರಾನ್ಸನ್ನು ಗೆದ್ದಾಗ ಯಹೂದಿ ಮೂಲದ ಈಕೆ ಅಲ್ಲಿ ಸಿಕ್ಕಿಬಿದ್ದಿದ್ದರು. ಅರವತ್ತೆರಡರ ವಯಸ್ಸಿನಲ್ಲಿ ಲಿಸ್ಬನ್, ಅಂಗೋಲಾಗಳ ಮೂಲಕ ಸುತ್ತಿ ಬಳಸಿ 1941ರಲ್ಲಿ ಲಂಬರೇನೆ ಸೇರಿ, 1946ರವರೆಗೆ ಅಲ್ಲಿದ್ದರು.

ಶ್ವೈಟ್ಜರರ ಬಗ್ಗೆ ಆಕ್ಷೇಪಗಳಿಲ್ಲವೆಂದಲ್ಲ. ಆಫ್ರಿಕದವರಿಗೆ ತಾನು ಸೋದರ, ಆದರೆ ಹಿರಿಯ ಸೋದರ ಎಂಬ ಅವರ ಧೋರಣೆ ಸ್ವತಂತ್ರ ಆಫ್ರಿಕಕ್ಕೆ ಸಹ್ಯವಾಗಲಿಲ್ಲ. ಜೋಸೆಫ್‌ನಂಥವರಿಲ್ಲದೆ ಆ ಆಸ್ಪತ್ರೆ ಒಂದು ದಿನವೂ ನಡೆಯುತ್ತಿರಲಿಲ್ಲ ಎಂಬುದೂ ನಿಜ. ಆಸ್ಪತ್ರೆಯಂತೂ ಉಳಿಯಿತು. 1981ರಲ್ಲಿ ಹೊಸ ಕಟ್ಟಡಗಳು ಬಂದವು. ಪಕ್ಕದಲ್ಲೇ ಬೆಳೆದ ಸಂಶೋಧನಾ ಕೇಂದ್ರ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಶಿಫಾರಸು ಮಾಡಿದ ಮಲೇರಿಯಾ ಲಸಿಕೆಯ ಪ್ರಯೋಗಗಳಲ್ಲಿ ಪಾಲುಗೊಂಡಿತ್ತು. ಸಂಜೆಯಾದರೆ ದೀಪ ಹಚ್ಚಲು ಡಾಕ್ಟರರು ಹೆದರುತ್ತಿದ್ದ ಊರು ಅದು.

ಹೆಲೆನ್ ತೀರಿಕೊಂಡದ್ದು 1957ರ ಜೂನ್ 1ರಂದು, ಜ್ಯೂರಿಕ್‌ನಲ್ಲಿ. ಅವರ ಚಿತಾಭಸ್ಮವನ್ನು ಲಂಬರೇನೆಗೆ ತಂದು ಮಣ್ಣು ಮಾಡಿದರು. ಎಂಟು ವರ್ಷಗಳ ಬಳಿಕ ಆಲ್ಬರ್ಟ್ ಅದೇ ಜಾಗದಲ್ಲಿ, ಪಕ್ಕದಲ್ಲಿ ಮಲಗಿದರು. ಮದುವೆಯಾದ ನಲವತ್ತೈದು ವರ್ಷಗಳಲ್ಲಿ ಹಲವು ವರ್ಷ ಬೇರೆ ಬೇರೆ ಖಂಡಗಳಲ್ಲಿದ್ದ ಸಂಸಾರ, ಮತ್ತೆ ಒಂದೇ ಅಂಗಳ ಸೇರಿತು.